ಹುಬ್ಬಿನ ಮೇಲಿನ ಗೆರೆ

ಬಿ.ಕಾಂ. ಮುಗಿಸಿ ಎರಡು ವರ್ಷ ಅರ್ಜಿ ಹಾಕಿದ್ದೇ ಬಂತು, ಯಾವ ಪಟ್ಟಿಯಲ್ಲೂ ಹೆಸರು ಬರಲಿಲ್ಲ. ಕೊನೆಗೆ ಹೊಸಪೇಟೆಯ ಒಂದು ಫೋಟೊ ಸ್ಟುಡಿಯೊದಲ್ಲಿ ಎಡಿಟಿಂಗ್ ಕಲಿಯಲು ಸೇರಿದೆ. ನಮ್ಮೂರು ವಡ್ಡು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ ಇದೆ. ಊರಿನ ಹುಡುಗರೆಲ್ಲ ಕಾರ್ಖಾನೆಯ ಗೇಟಿನ ಕಡೆ ನೋಡುತ್ತಿದ್ದರೆ ನಾನೊಬ್ಬ ಬೆಳಿಗ್ಗೆ ಎದ್ದು ಹೊಸಪೇಟೆ ಬಸ್ಸು ಹತ್ತುವುದು ಮನೆಯವರಿಗೆ ಹಿಡಿಸಿರಲಿಲ್ಲ. ಮೂರು ತಿಂಗಳು ಸಂಬಳವಿಲ್ಲ, ಕೈ ಪಳಗಿದ ಮೇಲೆ ನೋಡೋಣ ಎಂದಿದ್ದರು ಮಾಲೀಕರು.

ಮೊದಲ ತಿಂಗಳು ಬರೀ ಪಾಸ್‌ಪೋರ್ಟ್ ಸೈಜಿನ ಫೋಟೊಗಳು. ಹಿನ್ನೆಲೆ ಕತ್ತರಿಸಿ ಬಿಳಿ ಮಾಡು, ಇಷ್ಟು ಕೆಬಿಗೆ ಇಳಿಸು, ಎಂಟು ಪ್ರಿಂಟ್ ತೆಗೆ. ಎರಡನೇ ತಿಂಗಳು ಫೋಟೊಶಾಪ್‌ನಲ್ಲಿ ಮುಖ ತಿದ್ದುವ ಕೆಲಸ ಕೊಟ್ಟರು. ಹೀಲಿಂಗ್ ಬ್ರಶ್ ಹಿಡಿದು ಮೊಡವೆಯ ಮೇಲೆ ಒಮ್ಮೆ ಒತ್ತಿದರೆ ಮೊಡವೆ ಮಾಯ. ಕಣ್ಣಿನ ಕೆಳಗಿನ ಕಪ್ಪು ಮಾಯ. ನಮ್ಮ ಕಡೆ ಅದಿರಿನ ಕೆಂಪು ಧೂಳು ಕಿವಿಯ ಮಡಿಕೆಯಲ್ಲೂ ಕೂತಿರುತ್ತದೆ, ಅದೂ ಮಾಯ. ಹದಿನೈದು ದಿನದಲ್ಲಿ ನನಗೆ ನಾನೇ ದೊಡ್ಡ ಕಲಾವಿದನಂತೆ ಕಾಣತೊಡಗಿದೆ. ಮದುವೆಗೆ ಹುಡುಗಿಯ ಫೋಟೊ ತಂದವರು ಸ್ವಲ್ಪ ಬೆಳ್ಳಗೆ ಮಾಡಪ್ಪ ಎಂದರೆ, ಸ್ವಲ್ಪ ಏನು, ಬೇಕಾದಷ್ಟು ಮಾಡಿಕೊಡುತ್ತಿದ್ದೆ.

ಹಾಗಿರುವಾಗ ಕಂಪ್ಲಿ ಕಡೆಯ ಹಳ್ಳಿಯಿಂದ ಒಂದು ಮನೆಯವರು ಬಂದರು. ಮನೆಯ ಹಿರಿಯರು ತೀರಿಕೊಂಡಿದ್ದರು. ಶಿವಗಣಾರಾಧನೆಗೆ ದೊಡ್ಡ ಫೋಟೊ ಬೇಕಿತ್ತು. ಅವರ ಬಳಿ ಇದ್ದದ್ದು ಯಾವುದೋ ಮದುವೆಯಲ್ಲಿ ತೆಗೆದ ಒಂದೇ ಒಂದು ಹಳೆಯ ಪ್ರಿಂಟು, ಅದೂ ಮಡಚಿ ಮಡಚಿ ಬಿರುಕು ಬಿಟ್ಟದ್ದು. ನಾನು ಸ್ಕ್ಯಾನ್ ಮಾಡಿ, ಮುಖ ಬಿಡಿಸಿ, ರಾತ್ರಿ ಎಂಟರವರೆಗೆ ಕೂತು ಬಿರುಕುಗಳನ್ನೆಲ್ಲ ಮುಚ್ಚಿದೆ. ಎದೆಯ ಮೇಲೊಂದು ಬಿರುಕು, ಕೆನ್ನೆಯಲ್ಲೊಂದು, ಎಡ ಹುಬ್ಬಿನ ಮೇಲೊಂದು ಸಣ್ಣ ಬಿಳಿ ಗೆರೆ. ಚರ್ಮ ನುಣುಪಾಗಿಸಿ, ಹಿಂದೆ ತಿಳಿ ನೀಲಿ ಬಣ್ಣ ಕೊಟ್ಟು ಫ್ರೇಮು ಹಾಕಿಸಿದೆ.

ಮರುದಿನ ಅವರ ಹೆಂಡತಿಯೂ ಬಂದಿದ್ದರು. ಫ್ರೇಮನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, ಇವರು ಯಾರಪ್ಪ ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಹುಬ್ಬಿನ ಮೇಲಿನ ಗೆರೆ ಕಾಗದದ ಬಿರುಕಾಗಿರಲಿಲ್ಲ. ಹರೆಯದಲ್ಲಿ ಸಂಡೂರು ಕಡೆ ಗಣಿಗೆ ಹೋಗುತ್ತಿದ್ದಾಗ ಕಲ್ಲು ಸಿಡಿದು ಆದ ಗಾಯದ ಗುರುತಂತೆ. ಊರಲ್ಲಿ ಅವರನ್ನು ಗುರುತಿಸುತ್ತಿದ್ದುದೇ ಅದರಿಂದ. ಮಗ ಪರವಾಗಿಲ್ಲ ಬಿಡವ್ವ ಎಂದು ದುಡ್ಡು ಕೊಟ್ಟು ಫೋಟೊ ತೆಗೆದುಕೊಂಡು ಹೋದ, ಮರುದಿನವೇ ಕಾರ್ಯವಿತ್ತು. ಆಯಮ್ಮ ಮಾತ್ರ ನನ್ನ ಮುಖವನ್ನೂ ನೋಡಲಿಲ್ಲ.

ಅವತ್ತು ಮಾಲೀಕರು ಬೈಯಲಿಲ್ಲ. ಹಳೆಯ ಕಾಲದ ಭಾವಚಿತ್ರಗಳನ್ನು ನೋಡು, ಕಣ್ಣು ತೆರೆದೀತು ಎಂದಷ್ಟೇ ಹೇಳಿ ಒಂದು ಹೆಸರು ಹೇಳಿದರು: ದೀನ್ ದಯಾಳ್. ಫೋನಿನಲ್ಲಿ ಹುಡುಕಿದರೆ ಮೊದಲು ಬರುವುದು ರಾಜಕಾರಣಿ ದೀನದಯಾಳ್ ಉಪಾಧ್ಯಾಯರು. ಇವರು ಬೇರೆ. ರಾಜಾ ದೀನ್ ದಯಾಳ್ ಎಂದು ಹುಡುಕಬೇಕು.

ಅವರು ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧಾನಾ ಎಂಬ ಊರಿನ ಜೈನ ಮನೆತನದಲ್ಲಿ. ಓದಿದ್ದು ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ, ಅಂದರೆ ಇವತ್ತಿನ ಐಐಟಿ ರೂರ್ಕಿಯಲ್ಲಿ. 1866ರಲ್ಲಿ ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿ ಸಿಕ್ಕಿತು. ನಕ್ಷೆ ಬರೆಯುವುದು, ಕಟ್ಟಡದ ಅಂದಾಜು ವೆಚ್ಚ ಲೆಕ್ಕ ಹಾಕುವುದು ಕೆಲಸ. ಸರ್ಕಾರಿ ನೌಕರಿ, ತಿಂಗಳ ಸಂಬಳ. ನಮ್ಮಂಥವರ ಮನೆಯಲ್ಲಾದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು, ಮುಂದಿನದು ಮದುವೆಯ ಮಾತು.

ಅವರು ಕ್ಯಾಮೆರಾ ಹಿಡಿದದ್ದು 1874ರಲ್ಲಿ, ಮೂವತ್ತನೇ ವಯಸ್ಸಿಗೆ. ಈ ಸಂಗತಿ ಓದಿದಾಗ ನನಗಾದ ಸಮಾಧಾನವನ್ನು ಕೆಲಸ ಹುಡುಕುತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆಗ ಫೋಟೊ ತೆಗೆಯುವುದೆಂದರೆ ಸಣ್ಣಪುಟ್ಟ ಹವ್ಯಾಸವಲ್ಲ. ಗಾಜಿನ ಹಲಗೆಯ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವ ಸಮನಾಗಿ ಹರಡಬೇಕು, ಕತ್ತಲಲ್ಲಿ ಅದನ್ನು ಸಿಲ್ವರ್ ನೈಟ್ರೇಟಿನಲ್ಲಿ ಅದ್ದಬೇಕು, ಒದ್ದೆ ಇರುವಾಗಲೇ ಕ್ಯಾಮೆರಾಗೆ ಹಾಕಿ ಚಿತ್ರ ತೆಗೆಯಬೇಕು, ಒಣಗುವ ಮೊದಲೇ ತೊಳೆದು ಮುಗಿಸಬೇಕು. ಎಲ್ಲಕ್ಕೂ ಸೇರಿ ಸಿಗುವುದು ಹತ್ತು ಹದಿನೈದು ನಿಮಿಷ. ನಮ್ಮ ಬಿಸಿಲಿನಲ್ಲಿ ಅದಕ್ಕಿಂತಲೂ ಕಡಿಮೆ. ಊರಿಂದೂರಿಗೆ ಹೋಗುವವರು ಕತ್ತಲ ಕೋಣೆಯನ್ನೇ ಡೇರೆಯಾಗಿ ಹೊತ್ತುಕೊಂಡು ಹೋಗಬೇಕಿತ್ತು.

ಇಂದೋರಿನ ಮಹಾರಾಜ ಎರಡನೇ ತುಕೋಜಿರಾವ್ ಹೋಳ್ಕರ್ ಮತ್ತು ಬ್ರಿಟಿಷ್ ಅಧಿಕಾರಿ ಸರ್ ಹೆನ್ರಿ ಡೇಲಿ ಅವರ ಬೆನ್ನಿಗೆ ನಿಂತರು. 1875–76ರಲ್ಲಿ ಇಂಗ್ಲೆಂಡಿನ ಯುವರಾಜ ಭಾರತಕ್ಕೆ ಬಂದಾಗ ಅವರ ಚಿತ್ರ ತೆಗೆಯುವ ಅವಕಾಶ ಬಂತು. ಮುಂದೆ ಲೆಪೆಲ್ ಗ್ರಿಫಿನ್ ಎಂಬ ಅಧಿಕಾರಿಯ ಜೊತೆ ಮಧ್ಯಭಾರತ ಸುತ್ತಿ ಗ್ವಾಲಿಯರ್, ಖಜುರಾಹೊ, ಸಾಂಚಿಯ ಚಿತ್ರಗಳನ್ನು ತೆಗೆದರು. ಅವು 1886ರಲ್ಲಿ ಪುಸ್ತಕವಾಗಿ ಬಂದವು. ಆ ಚಿತ್ರಗಳಲ್ಲಿ ಒಂದು ಕಂಬವೂ ವಾಲಿರುವುದಿಲ್ಲ. ನಕ್ಷೆ ಬರೆದ ಕೈ ಅಲ್ಲವೇ? ಹಂಪಿಯಲ್ಲಿ ಪ್ರೀ ವೆಡ್ಡಿಂಗ್ ಚಿತ್ರ ತೆಗೆದುಕೊಂಡು ಬರುವ ನಮ್ಮ ಹುಡುಗರ ಫೋಟೊಗಳಲ್ಲಿ ವಿರೂಪಾಕ್ಷನ ಗೋಪುರ ಹಿಂದಕ್ಕೆ ಬೀಳುತ್ತಿರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡುವುದೂ ನನ್ನದೇ ಕೆಲಸ.

ಹಂಪಿಯ ಮಾತು ಬಂದದ್ದಕ್ಕೆ ಒಂದು ವಿಷಯ. ದೀನ್ ದಯಾಳರು ಕ್ಯಾಮೆರಾ ಹಿಡಿಯುವ ಎಷ್ಟೋ ಮೊದಲು, 1856ರಲ್ಲೇ, ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಚಿತ್ರಗಳನ್ನು ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದಿದ್ದ. ಆ ಚಿತ್ರಗಳನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಆದರೆ ಅವು ಕಲ್ಲಿನ ಚಿತ್ರಗಳು. ನನಗೆ ಬೇಕಾಗಿದ್ದದ್ದು ಮುಖ.

ಮುಖದ ಕಥೆ ಶುರುವಾಗುವುದು ಹೈದರಾಬಾದಿನಿಂದ. 1880ರ ದಶಕದ ನಡುವೆ ದೀನ್ ದಯಾಳರು ದೀರ್ಘ ರಜೆ ಹಾಕಿದರು, ಆಮೇಲೆ ನೌಕರಿಯನ್ನೇ ಬಿಟ್ಟರು. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ಇಲ್ಲಿಂದ ಅವರು ನಮಗೆ ದೂರದವರಲ್ಲ. ಹಂಪಿಯ ದಂಡೆಯಲ್ಲಿ ನಿಂತು ತುಂಗಭದ್ರೆಯ ಆಚೆ ನೋಡಿದರೆ ಕಾಣುವ ಆನೆಗೊಂದಿ ಆಗ ನಿಜಾಮರ ಸೀಮೆ. ಈಚೆ ದಂಡೆ ಮದ್ರಾಸಿನ ಬ್ರಿಟಿಷರದ್ದು. ನಮ್ಮ ಸಂಡೂರು 1949ರವರೆಗೆ ಘೋರ್ಪಡೆಯವರ ಪುಟ್ಟ ಸಂಸ್ಥಾನ. ನಮ್ಮವ್ವನ ತವರು ಗಂಗಾವತಿ ಕಡೆ. ಅಲ್ಲಿಯ ಹಿರಿಯರು ಈಗಲೂ ಮಾತಿಗೆ ಮುಂಚೆ ನಿಜಾಮನ ಕಾಲದಲ್ಲಿ ಎನ್ನುತ್ತಾರೆ. ಆ ದೊರೆಯ ಮುಖ ಹೇಗಿತ್ತು ಎಂದು ಇವತ್ತು ನಮಗೆ ಗೊತ್ತಾಗುವುದು ಹೆಚ್ಚಾಗಿ ದೀನ್ ದಯಾಳರ ಗಾಜಿನ ಹಲಗೆಗಳಿಂದ.

ನಿಜಾಮರು ಅವರಿಗೆ ರಾಜಾ ಎಂಬ ಪದವಿಯನ್ನೂ ಮುಸವ್ವಿರ್ ಜಂಗ್ ಎಂಬ ಬಿರುದನ್ನೂ ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರಕಾರ, ಜಂಗ್ ಎಂದರೆ ಯುದ್ಧ. ಫೋಟೊ ತೆಗೆಯುವವನಿಗೆ ಯುದ್ಧದ ಬಿರುದು! ಮದುವೆ ಸೀಸನ್ನಿನಲ್ಲಿ ಒಂದು ದಿನ ನಮ್ಮ ಸ್ಟುಡಿಯೊದಲ್ಲಿ ಕೂತವರಿಗೆ ಇದು ತಪ್ಪೆನಿಸಲಾರದು.

ಆ ಕಾಲದ ಸ್ಟುಡಿಯೊಗಳಲ್ಲಿ ಮುಖ ತಿದ್ದುತ್ತಿದ್ದರೇ? ತಿದ್ದುತ್ತಿದ್ದರು, ಚೆನ್ನಾಗಿಯೇ ತಿದ್ದುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಆ ಒದ್ದೆ ಹಲಗೆಗಳಿಗೆ ಕಾಣುತ್ತಿದ್ದುದು ನೀಲಿ ಬೆಳಕು ಮಾತ್ರ. ಕೆಂಪು, ಹಳದಿ ಅವಕ್ಕೆ ಕತ್ತಲು. ನಮ್ಮ ಗೋಧಿ ಬಣ್ಣದ ಮುಖ ಇರುವುದಕ್ಕಿಂತ ಕಪ್ಪಗೆ ಬರುತ್ತಿತ್ತು. ಅರಿಶಿಣ ಹಚ್ಚಿದ ಕೆನ್ನೆ ಮಸಿ ಬಳಿದಂತೆ, ಹಣೆಯ ಕುಂಕುಮ ಕರಿ ಬೊಟ್ಟಿನಂತೆ ಬೀಳುತ್ತಿತ್ತು. ಕಣ್ಣಿಗೆ ಕಾಣದ ಸಣ್ಣ ಕಲೆಯೂ ಎದ್ದು ಕಾಣುತ್ತಿತ್ತು. ಅಂದರೆ ಕ್ಯಾಮೆರಾ ಸುಳ್ಳು ಹೇಳುತ್ತಿತ್ತು, ತಿದ್ದುವವನು ಅದನ್ನು ನಿಜದ ಹತ್ತಿರಕ್ಕೆ ತರಬೇಕಿತ್ತು. ಇದನ್ನು ಓದಿದ ದಿನ ನಾನು ಕುರ್ಚಿಯಿಂದ ಎದ್ದು ಹೊರಗೆ ಹೋಗಿ ಟೀ ಕುಡಿದು ಬಂದೆ. ನಾನು ಮಾಡುತ್ತಿದ್ದದ್ದು ಇದರ ಉಲ್ಟಾ ಕೆಲಸ. ಇವತ್ತಿನ ಕ್ಯಾಮೆರಾ ಮುಖವನ್ನು ಹೆಚ್ಚುಕಡಿಮೆ ಇದ್ದಂತೆಯೇ ಹಿಡಿಯುತ್ತದೆ, ಅದನ್ನು ಇಲ್ಲದ್ದರ ಕಡೆಗೆ ಎಳೆಯುತ್ತಿದ್ದವನು ನಾನು.

ಅವರು ತಿದ್ದುತ್ತಿದ್ದ ಬಗೆ ಹೀಗೆ. ಇಳಿಜಾರಾದ ಒಂದು ಮೇಜು, ನಡುವೆ ಗಾಜು, ಕೆಳಗಿನಿಂದ ಕನ್ನಡಿಯಲ್ಲಿ ಬೆಳಕು. ಅದರ ಮೇಲೆ ನೆಗೆಟಿವ್ ಇಟ್ಟು, ಒಂದು ಬಗೆಯ ಅಂಟು ಸವರಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕೆ ಇಡುತ್ತ ಹೋಗುವುದು. ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು. ಪೆನ್ಸಿಲ್ ಬಿದ್ದ ಜಾಗ ಪ್ರಿಂಟಿನಲ್ಲಿ ತಿಳಿಯಾಗುತ್ತದೆ. ಹಾಗಾಗಿ ಸುಕ್ಕಿನ ನೆರಳು, ಸಿಡುಬಿನ ಕುಳಿ ತುಂಬಲು ಪೆನ್ಸಿಲ್ ಸಾಕು. ಒಂದು ಜಾಗ ಇನ್ನೂ ಕಪ್ಪಾಗಬೇಕಿದ್ದರೆ ಮಾತ್ರ ಚಾಕುವಿನ ತುದಿಯಿಂದ ಮೆಲ್ಲಗೆ ಕೆರೆಯಬೇಕು. ಪೆನ್ಸಿಲ್ ಹೆಚ್ಚಾಯಿತೆನ್ನಿ, ಟರ್ಪೆಂಟೈನ್ ಮುಟ್ಟಿಸಿ ಒರೆಸಿದರೆ ಮೊದಲಿನ ಮುಖ ಹಾಗೇ ಉಳಿದಿರುತ್ತದೆ. ಚಾಕು ಹೆಚ್ಚಾದರೆ ಮುಗಿಯಿತು, ಕೆರೆದದ್ದು ಮತ್ತೆ ಬರುವುದಿಲ್ಲ.

ಫೋಟೊಶಾಪ್ ಕಲಿಯುವವರಿಗೆ ಇಲ್ಲಿ ಗಂಟೆ ಬಾರಿಸಿರಬೇಕು. ಪೆನ್ಸಿಲ್ ಎಂದರೆ ಲೇಯರ್. ಮೂಲ ಚಿತ್ರವನ್ನು ಮುಟ್ಟದೆ ಅದರ ಮೇಲೆ ಖಾಲಿ ಲೇಯರ್ ಹಾಕಿ ತಿದ್ದಿದರೆ ಯಾವಾಗ ಬೇಕಾದರೂ ತೆಗೆಯಬಹುದು. ಮೂಲ ಚಿತ್ರದ ಮೇಲೆಯೇ ಬ್ರಶ್ ಆಡಿಸಿ ಅದೇ ಹೆಸರಿನಲ್ಲಿ ಸೇವ್ ಕೊಡುವುದು ಚಾಕು. ಕಂಪ್ಲಿಯ ಆ ಹಿರಿಯರ ಮುಖಕ್ಕೆ ನಾನು ಮಾಡಿದ್ದು ಚಾಕುವಿನ ಕೆಲಸ. ಸ್ಕ್ಯಾನ್ ಮಾಡಿದ ಫೈಲಿನ ಮೇಲೆಯೇ ಸೇವ್ ಮಾಡಿದ್ದೆ, ಹಳೆಯ ಪ್ರಿಂಟು ಅವರ ಜೊತೆ ಹೋಗಿತ್ತು. ಡಾಡ್ಜ್, ಬರ್ನ್ ಎಂಬ ಎರಡು ಟೂಲ್‌ಗಳ ಗುರುತನ್ನು ಗಮನಿಸಿದ್ದೀರಾ? ಒಂದು ಕಡ್ಡಿಗೆ ಸಿಕ್ಕಿಸಿದ ಬಿಲ್ಲೆ, ಇನ್ನೊಂದು ಕೈ. ಕತ್ತಲ ಕೋಣೆಯಲ್ಲಿ ಪ್ರಿಂಟ್ ಮಾಡುವಾಗ ಬಿಲ್ಲೆ ಅಡ್ಡ ಹಿಡಿದರೆ ಆ ಜಾಗ ತಿಳಿ, ಕೈಬೆರಳ ಸಂದಿಯಿಂದ ಹೆಚ್ಚು ಬೆಳಕು ಬಿಟ್ಟರೆ ಗಾಢ. ಆ ಹಳೆಯ ಉಪಕರಣಗಳೇ ಇಂದಿಗೂ ನಮ್ಮ ಪರದೆಯ ಮೂಲೆಯಲ್ಲಿ ಕೂತಿವೆ. ಈಗ ನಾನು ಮುಖ ತಿದ್ದುವಾಗ ಈ ಎರಡನ್ನೇ ಹೆಚ್ಚು ಬಳಸುತ್ತೇನೆ. ಚರ್ಮದ ರಂಧ್ರಗಳು ಹಾಗೇ ಉಳಿಯುತ್ತವೆ, ನೆರಳು ಮಾತ್ರ ಹದವಾಗುತ್ತದೆ. ಬ್ಲರ್ ಮಾಡಿದರೆ ಎಲ್ಲರಿಗೂ ಒಂದೇ ಪ್ಲಾಸ್ಟಿಕ್ ಮುಖ.

ತಿದ್ದುವ ಮೊದಲಿನ ಕೆಲಸ ಬೆಳಕಿನದು. ಅಂದಿನ ಸ್ಟುಡಿಯೊಗಳಿಗೆ ಉತ್ತರ ದಿಕ್ಕಿಗೆ ಗಾಜಿನ ಮಾಡು ಇರುತ್ತಿತ್ತು, ಪರದೆ ಎಳೆದು ಬೆಳಕನ್ನು ಹದ ಮಾಡುತ್ತಿದ್ದರು. ಕೂತವರು ಕೆಲವು ಸೆಕೆಂಡು ಅಲುಗಾಡದಂತೆ ತಲೆಯ ಹಿಂದೆ ಕಬ್ಬಿಣದ ಆನಿಕೆ. ದೀನ್ ದಯಾಳರ ಚಿತ್ರಗಳಲ್ಲಿ ಆ ಬಿಗಿ ಕಾಣುವುದು ಕಡಿಮೆ. ಕೈ ಎಲ್ಲಿರಬೇಕು, ಕತ್ತಿ ಎತ್ತ ವಾಲಬೇಕು, ಶೆರವಾನಿಯ ಮಡಿಕೆ ಹೇಗೆ ಬೀಳಬೇಕು ಎಂಬುದೆಲ್ಲ ಮೊದಲೇ ಲೆಕ್ಕವಾಗಿರುತ್ತದೆ. ಉತ್ತರದ ಕಿಟಕಿ ಇದ್ದರೆ ಸಾಕು, ಅರ್ಧ ಎಡಿಟಿಂಗ್ ಅಲ್ಲೇ ಮುಗಿಯುತ್ತದೆ ಎಂಬುದನ್ನು ನಾನು ನಮ್ಮ ಮನೆಯ ಪಡಸಾಲೆಯಲ್ಲಿ ತಂಗಿಯನ್ನು ಕೂರಿಸಿ ಪರೀಕ್ಷಿಸಿದ್ದೇನೆ.

1892ರಲ್ಲಿ ಅವರು ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಒಂದು ಸ್ಟುಡಿಯೊ ತೆರೆದರು. ಪರದಾ ಪಾಲಿಸುವ ಮನೆಯ ಹೆಂಗಸರು ಗಂಡಸಿನ ಕ್ಯಾಮೆರಾ ಮುಂದೆ ಕೂರುವಂತಿರಲಿಲ್ಲ. ಆದ್ದರಿಂದ ಅದರ ಉಸ್ತುವಾರಿ ಒಬ್ಬ ಇಂಗ್ಲಿಷ್ ಮಹಿಳೆಯದು. ಎಷ್ಟೋ ಹೆಂಗಸರ ಮೊದಲ ಚಿತ್ರ ಅಲ್ಲೇ ಆಗಿರಬೇಕು ಎಂದು ನನಗನ್ನಿಸುತ್ತದೆ. ವ್ಯಾಪಾರದ ಜಾಣತನವೂ ಇದರಲ್ಲಿದೆ, ಇಲ್ಲವೆನ್ನುವುದಿಲ್ಲ. ಮರುವರ್ಷ ಅಮೆರಿಕದ ಷಿಕಾಗೊ ವಿಶ್ವಮೇಳದಲ್ಲಿ ಅವರ ಚಿತ್ರಗಳಿಗೆ ಬಹುಮಾನ ಬಂತು. ವಿಕ್ಟೋರಿಯಾ ರಾಣಿಯ ಛಾಯಾಗ್ರಾಹಕರೆಂಬ ಸನದು ಬಂತು. 1896ರಲ್ಲಿ ಮುಂಬಯಿಯಲ್ಲೂ ಸ್ಟುಡಿಯೊ ಆಯಿತು. ಮಕ್ಕಳಾದ ಗ್ಯಾನ್ ಚಂದ್, ಧರಮ್ ಚಂದ್ ಕೈಗೂಡಿಸಿದರು.

ಅವರ ಚಿತ್ರಗಳೆಲ್ಲ ನನಗೆ ಇಷ್ಟ ಎಂದಲ್ಲ. 1902ರಲ್ಲಿ ವೈಸ್‌ರಾಯ್ ಕರ್ಜನ್ ದಂಪತಿ ಬೇಟೆಯಾಡಿದ ಹುಲಿಯ ಮುಂದೆ ನಿಂತ ಚಿತ್ರ ಬಹಳ ಪ್ರಸಿದ್ಧ. ನೋಡಿದಾಗಲೆಲ್ಲ ಹುಲಿಯ ಮುಖವೇ ಹೆಚ್ಚು ನಿಜವೆನಿಸುತ್ತದೆ. ದೊರೆಗಳು, ನವಾಬರು, ದೊರೆಸಾನಿಯರು ತಾವು ಹೇಗೆ ಕಾಣಬೇಕೆಂದು ಬಯಸಿದರೋ ಹಾಗೆ ಕಾಣುವಂತೆ ಮಾಡುವುದು ಅವರ ಕಸುಬಾಗಿತ್ತು. ಆದರೆ ಅದೇ ಕೈ ನಿಜಾಮರ ಸೀಮೆಯ ಬರಗಾಲದ ಪರಿಹಾರ ಕೆಲಸಗಳನ್ನೂ ಚಿತ್ರಿಸಿತು. ಅಲ್ಲಿ ಎಲುಬು ಎದ್ದ ಜನ ಸಾಲಾಗಿ ಕೂತಿದ್ದಾರೆ. ಅವರ ಹೆಸರು ಯಾರೂ ಬರೆದಿಡಲಿಲ್ಲ, ಅವರ ಮುಖವನ್ನು ನುಣುಪು ಮಾಡಲು ಹೇಳಿದವರೂ ಇರಲಿಲ್ಲ.

ಕೊನೆಯ ದಿನಗಳು ಸುಖದ್ದಲ್ಲ. 1904ರಲ್ಲಿ ಮಗ ಧರಮ್ ಚಂದ್ ತೀರಿಕೊಂಡ. ಮರುವರ್ಷ, 1905ರ ಜುಲೈನಲ್ಲಿ ದೀನ್ ದಯಾಳರು ಮುಂಬಯಿಯಲ್ಲಿ ಕಣ್ಮುಚ್ಚಿದರು. ಸ್ಟುಡಿಯೊದ ವೈಭವ ಮೆಲ್ಲಗೆ ಇಳಿಯಿತು. ಗಾಜಿನ ಹಲಗೆಗಳು ಮನೆತನದವರ ಬಳಿ ಉಳಿದವು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಅವುಗಳಲ್ಲಿ 2,857 ಹಲಗೆಗಳನ್ನು ಕೊಂಡು ಕಾಪಾಡಿತು. 2006ರಲ್ಲಿ ಅವರ ಹೆಸರಿನಲ್ಲಿ ಅಂಚೆಚೀಟಿ ಬಂತು. ಗಾಜು ನೂರು ವರ್ಷ ಉಳಿಯಿತು. ನನ್ನ ಫೈಲು ಒಂದು ರಾತ್ರಿ ಉಳಿಯಲಿಲ್ಲ.

ಇಷ್ಟೆಲ್ಲ ಓದಿ, ನೋಡಿ, ಒಂದು ಭಾನುವಾರ ಕಂಪ್ಲಿ ಬಸ್ಸು ಹತ್ತಿದೆ. ಗದ್ದೆಗಳ ನಡುವೆ ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಹುಬ್ಬಿನ ಮೇಲೆ ಗುರುತಿದ್ದ ಅಜ್ಜ ಎಂದರೆ ಸಾಕಾಯಿತು. ಫ್ರೇಮು ಗೋಡೆಯ ಮೇಲಿರಲಿಲ್ಲ, ಅಲಮಾರಿನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಹಳೆಯ ಪ್ರಿಂಟು ಕೊಡಿ, ದುಡ್ಡು ಬೇಡ, ಮತ್ತೆ ಮಾಡಿಕೊಡುತ್ತೇನೆ ಎಂದೆ. ಅದಕ್ಕೂ ಮೊದಲು ನೋಟ್‌ಬುಕ್ ತೆಗೆದು ಆಯಮ್ಮನನ್ನು ಒಂದೊಂದಾಗಿ ಕೇಳಿ ಬರೆದುಕೊಂಡೆ. ಕೆನ್ನೆಯ ಮೇಲಿನದು ಕಾಗದದ ಬಿರುಕು. ಗದ್ದದ ಚುಕ್ಕೆ ಮಚ್ಚೆ. ಬಲಗಿವಿ ಸ್ವಲ್ಪ ಮುಂದಕ್ಕೆ ಬಾಗಿರುವುದು ಹುಟ್ಟಿನಿಂದ. ಹುಬ್ಬಿನ ಗೆರೆ ಹುಬ್ಬಿನೊಳಗೂ ಸ್ವಲ್ಪ ಇಳಿದಿತ್ತು, ಅಲ್ಲಿ ಕೂದಲು ಬೆಳೆಯುತ್ತಿರಲಿಲ್ಲ. ಇಷ್ಟನ್ನು ಮೊದಲ ದಿನವೇ ಕೇಳಬಹುದಿತ್ತು, ಎರಡು ನಿಮಿಷದ ಮಾತು.

ಈ ಸಲ ಮೂಲ ಸ್ಕ್ಯಾನನ್ನು ಬೇರೆ ಹೆಸರಿನಲ್ಲಿಟ್ಟು, ಎಲ್ಲವನ್ನೂ ಲೇಯರಿನ ಮೇಲೆ ಮಾಡಿದೆ. ಬಿರುಕುಗಳಷ್ಟೇ ಹೋದವು. ನೀಲಿ ಹಿನ್ನೆಲೆ ಬಿಟ್ಟು ಮಸುಕು ಬೂದು ಹಾಕಿದೆ. ಪ್ರಿಂಟಿಗೆ ಕೊಡುವ ಮೊದಲು ಅದನ್ನು ತೆಗೆದುಕೊಂಡು ಹೋಗಿ ಆಯಮ್ಮನಿಗೆ ಫೋನಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ಬೆರಳಿನಿಂದ ಹುಬ್ಬನ್ನು ಮುಟ್ಟಿದರು, ಪರದೆ ಜರುಗಿ ಚಿತ್ರ ದೊಡ್ಡದಾಯಿತು. ಹೌದು, ಇವರೇ ಎಂದರು.

ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಅಂಗಿಯ ಮೇಲಿನ ಗುಂಡಿ ಹಾಕೋಕೆ ಬರ್ತದೇನಪ್ಪ ಎಂದು ಕೇಳಿದರು. ಬದುಕಿದ್ದಷ್ಟು ದಿನ ಹೇಳಿ ಹೇಳಿ ಸಾಕಾಗಿತ್ತಂತೆ, ಅವರು ಒಮ್ಮೆಯೂ ಹಾಕಿಕೊಂಡವರಲ್ಲ. ಬರ್ತದವ್ವ ಎಂದೆ. ಹಳೆಯ ಪ್ರಿಂಟಿನಲ್ಲಿ ಎಲ್ಲೂ ಸರಿಯಾದ ಗುಂಡಿ ಇರಲಿಲ್ಲ. ಸ್ಟುಡಿಯೊಗೆ ಬಂದು ನನ್ನ ಅಂಗಿಯದೇ ಒಂದು ಗುಂಡಿಯ ಫೋಟೊ ತೆಗೆದು, ಬಣ್ಣ ಹೊಂದಿಸಿ ಅಲ್ಲಿ ಕೂರಿಸಿದೆ. ಅದಕ್ಕೆ ನಲವತ್ತು ನಿಮಿಷ ಹಿಡಿಯಿತು.